ಓದುಗರ ಪ್ರಶ್ನೆ: ಲ್ಯಾಬ್‌ನಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಯಾಕೆ ಓಡುವುದಿಲ್ಲ?

ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ತೆಗೆದುಕೊಂಡು ಮೊದಲ ಸೆಮಿಸ್ಟರ್‌ನಲ್ಲಿರುವವರು ಮತ್ತು ಅವರ ಮನೆಯವರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನೀಲಿ ಪರದೆಯ ಟರ್ಬೊ ಸಿ ಇದೆ. ಅಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಮನೆಯ ಲ್ಯಾಪ್‌ಟಾಪ್‌ನ ಕೋಡ್‌ಬ್ಲಾಕ್ಸ್‌ನಲ್ಲಿ ಎರರ್ ಕೊಡುತ್ತದೆ. 8ರ ಫ್ಯಾಕ್ಟೋರಿಯಲ್ ಲ್ಯಾಬ್‌ನಲ್ಲಿ ಮೈನಸ್ ಬಂತು, ಮನೆಯಲ್ಲಿ ಸರಿಯಾಗಿ ಬಂತು. ಯಾವುದನ್ನು ನಂಬಬೇಕು?
— ಬಿಸಿಎ ವಿದ್ಯಾರ್ಥಿನಿ, ಗದಗ

ಉತ್ತರ: ಟರ್ಬೊ ಸಿ ಎಂಬುದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಕಂಪೈಲರ್, ಅಂದರೆ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ. ಬೋರ್‌ಲ್ಯಾಂಡ್ ಕಂಪನಿ ಅದರ ಮೊದಲ ಆವೃತ್ತಿಯನ್ನು ತಂದದ್ದು 1987ರಲ್ಲಿ. ಕೋಡ್‌ಬ್ಲಾಕ್ಸ್‌ನ ಒಳಗೆ ಕೆಲಸ ಮಾಡುವುದು ಜಿಸಿಸಿ ಎಂಬ ಬೇರೆ ಕಂಪೈಲರ್. ಭಾಷೆ ಒಂದೇ ಆದರೂ ಟರ್ಬೊ ಸಿ ತನ್ನದೇ ಕೆಲವು ಸಾಮಾನು ಸೇರಿಸಿಕೊಂಡಿತ್ತು. ಅದರಲ್ಲಿ ಮುಖ್ಯವಾದದ್ದು ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್ ಫಂಕ್ಷನ್. ಜಿಸಿಸಿಗೆ ಅದು ಗೊತ್ತಿಲ್ಲ, ಹಾಗಾಗಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ. ಆ ಸಾಲನ್ನೇ ತೆಗೆದುಹಾಕಿ, ಉತ್ತರಕ್ಕೆ ಏನೂ ಆಗುವುದಿಲ್ಲ. ‘ವಾಯ್ಡ್ ಮೇನ್’ ಬದಲು ‘ಇಂಟ್ ಮೇನ್’ ಬರೆದು ಕೊನೆಗೆ ‘ರಿಟರ್ನ್ 0’ ಸೇರಿಸಿ. ಹೀಗೆ ಬರೆದದ್ದು ಎರಡೂ ಕಡೆ ಓಡುತ್ತದೆ. ಇನ್ನೊಂದು ಎಚ್ಚರ: ವೇರಿಯೇಬಲ್‌ಗಳನ್ನೆಲ್ಲ ಫಂಕ್ಷನ್‌ನ ಮೇಲ್ಭಾಗದಲ್ಲೇ ಘೋಷಿಸಿ. ಫಾರ್ ಲೂಪಿನ ಆವರಣದೊಳಗೆ ‘ಇಂಟ್ ಐ’ ಎಂದು ಬರೆಯುವುದನ್ನು ಜಿಸಿಸಿ ಒಪ್ಪುತ್ತದೆ, ಲ್ಯಾಬಿನ ಹಳೆಯ ಸಿ ಒಪ್ಪುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಪರೀಕ್ಷೆಗೆ ಹೋದವರು ಎಡವುವುದು ಇಲ್ಲೇ.

ಫ್ಯಾಕ್ಟೋರಿಯಲ್ ವಿಷಯದಲ್ಲಿ ಎರಡೂ ಯಂತ್ರಗಳು ತಮ್ಮ ಅಳತೆಗೆ ತಕ್ಕಂತೆ ನಡೆದುಕೊಂಡಿವೆ. ಟರ್ಬೊ ಸಿಯಲ್ಲಿ ಪೂರ್ಣಾಂಕ ಇಡುವ ಇಂಟ್‌ಗೆ 16 ಬಿಟ್ ಜಾಗ, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. 7ರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 7ರವರೆಗಿನ ಗುಣಲಬ್ಧ, 5040, ಅದು ಹಿಡಿಸುತ್ತದೆ. 8ರದ್ದು 40320, ಹಿಡಿಸುವುದಿಲ್ಲ. ಅದರಿಂದ 65536 ಕಳೆದು ಉಳಿದದ್ದು, ಅಂದರೆ -25216, ಪರದೆಗೆ ಬರುತ್ತದೆ. ನಿಮಗೆ ಬಂದ ಮೈನಸ್ ಇದೇ. ಜಿಸಿಸಿಯಲ್ಲಿ ಇಂಟ್‌ಗೆ 32 ಬಿಟ್, ಮಿತಿ 2147483647. ಅಲ್ಲಿ 12ರವರೆಗೆ ಸರಿ ಬರುತ್ತದೆ, 13ಕ್ಕೆ ತಪ್ಪುತ್ತದೆ. 6227020800 ಬರಬೇಕಾದಲ್ಲಿ 1932053504 ಬರುತ್ತದೆ. ಈ ಎರಡನೆಯ ತಪ್ಪು ಹೆಚ್ಚು ಅಪಾಯದ್ದು, ಏಕೆಂದರೆ ಮೈನಸ್ ಚಿಹ್ನೆ ಇಲ್ಲದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಟರ್ಬೊ ಸಿಯಲ್ಲಿ ‘ಲಾಂಗ್’ ಬಳಸಿದರೆ 12ರವರೆಗೆ, ಜಿಸಿಸಿಯಲ್ಲಿ ‘ಲಾಂಗ್ ಲಾಂಗ್’ ಬಳಸಿದರೆ 20ರವರೆಗೆ ಹೋಗಬಹುದು. ವೈವಾದಲ್ಲಿ ಈ ಪ್ರಶ್ನೆ ಬಂದರೆ ಇಷ್ಟನ್ನು ಲೆಕ್ಕ ಸಮೇತ ಹೇಳಿ.

ಕೋಡ್‌ಬ್ಲಾಕ್ಸ್ ಇಳಿಸಿಕೊಳ್ಳುವಾಗ ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯೂ’ ಎಂದು ಇರುವ ಫೈಲನ್ನೇ ಆರಿಸಿ. ಉಳಿದದ್ದರಲ್ಲಿ ಕಂಪೈಲರ್ ಇರುವುದಿಲ್ಲ, ಬರೀ ಎಡಿಟರ್ ಬರುತ್ತದೆ. ಓಡಿಸಿದ ಕಪ್ಪು ಕಿಟಕಿಯನ್ನು ಮುಚ್ಚದೆ ಮತ್ತೆ ಬಿಲ್ಡ್ ಮಾಡಿದರೆ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ಕಿಟಕಿ ಮುಚ್ಚಿದರೆ ಸಾಕು.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ಬೆಳಿಯೋ ಮನಿತನರೀ. ಅಪ್ಪನ ಪಟ್ಟಿ ಲೆಕ್ಕ ಮಾಡೋ ಪ್ರೋಗ್ರಾಂ ಬರದೇನಿ. ಕ್ವಿಂಟಲ್ ದರ 20000 ಅಂತ ಹಿಡಿದು 35 ಕೆಜಿಗೆ ಎಷ್ಟು ಅಂತ ಕೇಳಿದ್ರ ಸೊನ್ನಿ ತೋರಸ್ತದ. ಆಮ್ಯಾಲೆ ‘ಇನ್ನೊಂದು ಚೀಲ ಐತೇನು’ ಅಂತ ಕೇಳೋ ಸಾಲು ನಿಂದ್ರೂದ ಇಲ್ಲ, ಹಂಗ ದಾಟಿ ಹೋಗ್ತದ. ತಪ್ಪು ಎಲ್ಲೈತಿ ಹೇಳ್ರಿ.
— ಬಿಎಸ್‌ಸಿ ವಿದ್ಯಾರ್ಥಿ, ಬ್ಯಾಡಗಿ

ಉತ್ತರ: ಪುಸ್ತಕದ ಲೆಕ್ಕ ಬಿಟ್ಟು ಮನೆಯ ಪಟ್ಟಿ ಹಿಡಿದಿದ್ದೀರಿ, ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವು ತೂಕವನ್ನು 100ರಿಂದ ಭಾಗಿಸಿ ಆಮೇಲೆ ದರದಿಂದ ಗುಣಿಸಿದ್ದೀರಿ. ಎರಡೂ ಕಡೆ ಇಂಟ್ ಇದ್ದರೆ ಸಿ ಭಾಷೆ ಭಾಗಾಕಾರದ ದಶಾಂಶವನ್ನು ಬಿಸಾಡುತ್ತದೆ. 35ನ್ನು 100ರಿಂದ ಭಾಗಿಸಿದರೆ ಅದಕ್ಕೆ ಸಿಗುವುದು 0.35 ಅಲ್ಲ, 0. ಸೊನ್ನೆಯನ್ನು 20000ದಿಂದ ಗುಣಿಸಿದರೂ ಸೊನ್ನೆಯೇ.

ಹಾಗಾದರೆ ಮೊದಲು ಗುಣಿಸಿ ಆಮೇಲೆ ಭಾಗಿಸೋಣ ಎಂದರೆ ಜಿಸಿಸಿಯಲ್ಲಿ 7000 ಸರಿಯಾಗಿ ಬರುತ್ತದೆ, ಟರ್ಬೊ ಸಿಯಲ್ಲಿ -208 ಬರುತ್ತದೆ. ನಡುವೆ ಬಂದ 700000 ಅಲ್ಲಿಯ 16 ಬಿಟ್‌ನಲ್ಲಿ ಹಿಡಿಸದೆ -20896 ಆಗಿ, ಅದನ್ನು 100ರಿಂದ ಭಾಗಿಸಿದ್ದಾಗಿದೆ. ಮೇಲಿನ ಗದಗಿನ ಪತ್ರದ ರೋಗವೇ ಇದು. ಎರಡಕ್ಕೂ ಒಂದೇ ಮದ್ದು: ಮೊದಲು ಭಾಗಿಸಿ ಆಮೇಲೆ ಗುಣಿಸುವ ನಿಮ್ಮ ಕ್ರಮವನ್ನೇ ಇಟ್ಟುಕೊಂಡು 100 ಎಂದು ಬರೆಯುವ ಬದಲು 100.0 ಎಂದು ಬರೆಯಿರಿ, ಮೊತ್ತವನ್ನು ದಶಾಂಶ ಹಿಡಿಯುವ ‘ಡಬಲ್’ ಆಗಿ ಇಟ್ಟುಕೊಳ್ಳಿ. ತೂಕವನ್ನೂ ಡಬಲ್ ಮಾಡಿಕೊಂಡರೆ 35.5 ಕೆಜಿಯೂ ನಡೆಯುತ್ತದೆ. ಡಬಲ್‌ನ್ನು ಸ್ಕ್ಯಾನ್‌ಎಫ್‌ನಲ್ಲಿ ಓದುವಾಗ ಪರ್ಸೆಂಟ್ ‘ಎಲ್‌ಎಫ್’ ಬೇಕು, ಬರೀ ‘ಎಫ್’ ಹಾಕಿದರೆ ಅಸಂಬದ್ಧ ಸಂಖ್ಯೆ ಬರುತ್ತದೆ. ತೋರಿಸುವಾಗ ಪರ್ಸೆಂಟ್ ‘.2ಎಫ್’ ಹಾಕಿ, ಪೈಸೆಯವರೆಗೆ ಮುದ್ರಿಸುತ್ತದೆ.

ಇನ್ನು ನಿಲ್ಲದೆ ದಾಟುವ ಸಾಲು. ನೀವು 35 ಎಂದು ಒತ್ತಿ ಎಂಟರ್ ಹೊಡೆದಾಗ ಕಂಪ್ಯೂಟರ್‌ಗೆ ಮೂರು ಅಕ್ಷರ ಹೋಗುತ್ತವೆ: 3, 5 ಮತ್ತು ಎಂಟರ್. ತೂಕ ಓದುವ ಸ್ಕ್ಯಾನ್‌ಎಫ್ ಮೊದಲೆರಡನ್ನು ಎತ್ತಿಕೊಂಡು ಎಂಟರ್ ಅನ್ನು ಅಲ್ಲೇ ಬಿಡುತ್ತದೆ. ಮುಂದಿನ ಸ್ಕ್ಯಾನ್‌ಎಫ್ ಒಂದು ಅಕ್ಷರ ಕೇಳುತ್ತದಲ್ಲ, ಬಾಗಿಲಲ್ಲೇ ನಿಂತಿದ್ದ ಆ ಎಂಟರನ್ನೇ ಉತ್ತರ ಎಂದು ತಿಳಿದು ಮುಂದೆ ಹೋಗಿಬಿಡುತ್ತದೆ. ಪರ್ಸೆಂಟ್ ‘ಸಿ’ಗಿಂತ ಮೊದಲು, ಉದ್ಧರಣ ಚಿಹ್ನೆಯ ಒಳಗೆ, ಒಂದು ಖಾಲಿ ಜಾಗ ಬಿಡಿ. ಆ ಖಾಲಿ ಜಾಗ ‘ಮೊದಲು ಬಂದಿರುವ ಎಂಟರ್, ಸ್ಪೇಸ್‌ಗಳನ್ನೆಲ್ಲ ದಾಟು’ ಎಂಬ ಆಜ್ಞೆ.

ಪ್ರಶ್ನೆ: ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಈಗ ಬಿಸಿಎ. ಲ್ಯಾಬ್ ರೆಕಾರ್ಡಿನ ಪ್ರೋಗ್ರಾಂಗಳನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೊಟ್ಟರು, ಕೈ ಓಡಲಿಲ್ಲ ಎಂದು ಅಳುತ್ತಾಳೆ. ಟ್ಯೂಷನ್‌ಗೆ ಹಾಕಬೇಕೇ?
— ತಂದೆ, ಶಿರಹಟ್ಟಿ

ಉತ್ತರ: ಟ್ಯೂಷನ್ ಆಮೇಲೆ ನೋಡೋಣ. ಮೊದಲು ನೂರು ಪುಟದ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಕೊಡಿಸಿ. ಮಗಳಲ್ಲಿ ಶ್ರದ್ಧೆಗೆ ಕೊರತೆ ಇಲ್ಲ ಎಂಬುದು ಆ ಬಾಯಿಪಾಠದಿಂದಲೇ ತಿಳಿಯುತ್ತದೆ. ಆ ಶ್ರಮ ತಪ್ಪು ಜಾಗಕ್ಕೆ ಹೋಗಿದೆ, ಅಷ್ಟೇ. ಈ ಪತ್ರವನ್ನು ಅವಳ ಕೈಗೆ ಕೊಡಿ, ಮುಂದಿನದು ಅವಳಿಗೆ.

ನೋಡಮ್ಮ, ರೆಕಾರ್ಡಿನಲ್ಲಿರುವ ‘ಅಂಕಿಗಳ ಮೊತ್ತ’ದ ಪ್ರೋಗ್ರಾಂ ತೆಗೆದುಕೋ. ಪುಟದಲ್ಲಿ ಮೂರು ಕಂಬ ಎಳೆ: ಅಂಕಿ, ಮೊತ್ತ, ಸಂಖ್ಯೆ. ಸಂಖ್ಯೆ 472, ಮೊತ್ತ 0 ಎಂದು ಶುರು ಮಾಡು. ಲೂಪಿನ ಪ್ರತಿ ಸುತ್ತಿನಲ್ಲಿ ಸಂಖ್ಯೆಯನ್ನು 10ರಿಂದ ಭಾಗಿಸಿದ ಶೇಷ ಅಂಕಿಯಾಗುತ್ತದೆ, ಅದು ಮೊತ್ತಕ್ಕೆ ಸೇರುತ್ತದೆ, ಸಂಖ್ಯೆಯ ಕೊನೆಯ ಅಂಕಿ ಕಳಚಿ ಬೀಳುತ್ತದೆ.

ಸುತ್ತು 1: ಅಂಕಿ 2, ಮೊತ್ತ 2, ಸಂಖ್ಯೆ 47
ಸುತ್ತು 2: ಅಂಕಿ 7, ಮೊತ್ತ 9, ಸಂಖ್ಯೆ 4
ಸುತ್ತು 3: ಅಂಕಿ 4, ಮೊತ್ತ 13, ಸಂಖ್ಯೆ 0

ಸಂಖ್ಯೆ ಸೊನ್ನೆಯಾಯಿತು, ಲೂಪ್ ಮುಗಿಯಿತು. ಈಗ ಮೊತ್ತಕ್ಕೆ ಅಂಕಿ ಕೂಡಿಸುವ ಆ ಒಂದು ಸಾಲನ್ನು ಮಾತ್ರ ಬದಲಿಸು: ಹಳೆಯ ಮೊತ್ತವನ್ನು 10ರಿಂದ ಗುಣಿಸಿ ಅಂಕಿ ಕೂಡಿಸು. ಮೊತ್ತದ ಕಂಬದಲ್ಲಿ 2, 27, 274 ಬರುತ್ತದೆ. ಸಂಖ್ಯೆ ತಿರುಗಿತು! ಅದನ್ನು ಮೂಲ ಸಂಖ್ಯೆಯ ಜೊತೆ ಹೋಲಿಸಿ ನೋಡು, ಎರಡೂ ಒಂದೇ ಆದರೆ ಅದು ಪ್ಯಾಲಿಂಡ್ರೋಮ್. ಅಂಕಿಯ ಬದಲು ಅಂಕಿಯ ಘನವನ್ನು ಕೂಡಿಸಿದರೆ ಮೂರಂಕಿಯ ಆರ್ಮ್‌ಸ್ಟ್ರಾಂಗ್ ಸಂಖ್ಯೆ: 153ಕ್ಕೆ 27, 125, 1 ಸೇರಿ ಮತ್ತೆ 153. ನೀನು ನಾಲ್ಕು ಪ್ರೋಗ್ರಾಂ ಎಂದು ಬಾಯಿಪಾಠ ಮಾಡಿದ್ದು ನಿಜಕ್ಕೂ ಒಂದೇ ಲೂಪ್. ಪರೀಕ್ಷೆಯಲ್ಲಿ ತಿರುಗಿಸಿ ಕೊಡುವುದೂ ಇಂಥ ಒಂದು ಸಾಲನ್ನೇ.

ಇದರಲ್ಲಿ ಎಲ್ಲರೂ ಮಾಡುವ ತಪ್ಪು ಮೂರು. ಮೊತ್ತಕ್ಕೆ ಆರಂಭದಲ್ಲಿ 0 ಕೊಡದಿದ್ದರೆ ಮೆಮೊರಿಯಲ್ಲಿ ಬಿದ್ದಿದ್ದ ಕಸದ ಮೇಲೆ ಕೂಡಿಕೆ ಶುರುವಾಗುತ್ತದೆ. ಸಂಖ್ಯೆಯನ್ನು 10ರಿಂದ ಭಾಗಿಸುವ ಸಾಲು ಮರೆತರೆ ಲೂಪ್ ಎಂದೂ ನಿಲ್ಲುವುದಿಲ್ಲ. ಆಗ ಕಂಟ್ರೋಲ್ ಮತ್ತು ಸಿ ಒತ್ತು, ಟರ್ಬೊ ಸಿ ಆದರೆ ಕಂಟ್ರೋಲ್ ಮತ್ತು ಬ್ರೇಕ್. ಮೂರನೆಯದು ಪ್ಯಾಲಿಂಡ್ರೋಮ್‌ನದು: ಹೋಲಿಸುವ ಹೊತ್ತಿಗೆ ಸಂಖ್ಯೆ ಸೊನ್ನೆಯಾಗಿರುತ್ತದೆ, ಹಾಗಾಗಿ ಲೂಪಿಗೆ ಮೊದಲೇ ಅದರ ಒಂದು ಪ್ರತಿ ಎತ್ತಿಡಬೇಕು. ಕಂಬ ಎಳೆದು ನೋಡಿದವರಿಗೆ ಈ ಮೂರೂ ಕಣ್ಣಿಗೆ ಬೀಳುತ್ತವೆ. ದಿನಕ್ಕೆ ಎರಡು ಪ್ರೋಗ್ರಾಂ ಹೀಗೆ ಮಾಡು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓಡಾಡುವ ಹುಡುಗರಿಗೂ ಇದನ್ನೇ ಹೇಳುತ್ತೇವೆ, ಇದಕ್ಕೆ ಕಂಪ್ಯೂಟರ್ ಬೇಕಿಲ್ಲ.

ಇಂಗ್ಲಿಷಿನ ಭಯವನ್ನೂ ಬಿಡು. ಸಿ ಭಾಷೆಯ ಮೂಲ ಪದಗಳು 32 ಮಾತ್ರ. ಎರರ್‌ಗಳಲ್ಲಿ ತಿರುತಿರುಗಿ ಬರುವ ಮಾತುಗಳೂ ಕೈಬೆರಳ ಲೆಕ್ಕ. ‘ಅನ್‌ಡಿಕ್ಲೇರ್ಡ್’ ಎಂದರೆ ಆ ಹೆಸರನ್ನು ನೀನು ಘೋಷಿಸಿಲ್ಲ, ಇಲ್ಲವೇ ಕಾಗುಣಿತ ತಪ್ಪಿದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆಯಾದರೂ ತಪ್ಪೇ. ‘ಎಕ್ಸ್‌ಪೆಕ್ಟೆಡ್’ ಎಂದರೆ ಇಲ್ಲಿ ಇಂಥ ಚಿಹ್ನೆ ಇರಬೇಕಿತ್ತು. ಸೆಮಿಕೋಲನ್ ಬಿಟ್ಟಾಗ ಕಂಪೈಲರ್ ಎಷ್ಟೋ ಸಲ ಮುಂದಿನ ಸಾಲಿನ ನಂಬರ್ ತೋರಿಸುತ್ತದೆ, ಹಿಂದಿನ ಸಾಲಿನ ಕೊನೆಯನ್ನೂ ನೋಡು. ಹತ್ತು ಎರರ್ ಬಂದರೆ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಕಂಪೈಲ್ ಮಾಡು. ಉಳಿದವು ಹೆಚ್ಚಾಗಿ ಅದರ ಮರಿಗಳು. ‘ವಾರ್ನಿಂಗ್’ ಅನ್ನು ಬಿಟ್ಟು ಮುಂದೆ ಹೋಗಬೇಡ. ‘ಇಫ್’ನಲ್ಲಿ == ಬದಲು = ಬರೆದರೆ ಪ್ರೋಗ್ರಾಂ ಓಡುತ್ತದೆ, ಉತ್ತರ ತಪ್ಪಾಗುತ್ತದೆ. ಜಿಸಿಸಿಯಲ್ಲಿ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿಟ್ಟಿದ್ದರೆ ಇದನ್ನು ಅದೇ ತೋರಿಸಿಕೊಡುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಕೊಳ್ಳಬಹುದೇ? ಏನು ನೋಡಬೇಕು?
— ಪಾಲಕರು, ಧಾರವಾಡ

ಉತ್ತರ: ಕೊಳ್ಳಬಹುದು, ಮೊದಲ ವರ್ಷದ ಕೆಲಸಕ್ಕೆ ಅದು ಧಾರಾಳ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರಲಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಟೆಲ್ ಪ್ರೊಸೆಸರ್ ಆದರೆ ಮಾಡೆಲ್ ನಂಬರ್ ನೋಡಿ: ಐ5-8250 ಎಂದಿದ್ದರೆ ಎಂಟನೆಯ ತಲೆಮಾರಿನದು, ಐ5-7200 ಎಂದಿದ್ದರೆ ಏಳನೆಯದು. ಅಧಿಕೃತವಾಗಿ ವಿಂಡೋಸ್ 11 ಹಾಕಲು ಸಾಮಾನ್ಯವಾಗಿ ಎಂಟನೆಯದರಿಂದ ಮೇಲಿನದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೆಯ ತಲೆಮಾರಿನದು ಅಗ್ಗಕ್ಕೆ ಸಿಕ್ಕರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿ, ಸಿ ಮತ್ತು ಪೈಥಾನ್ ಕಲಿಯಲು ಏನೂ ಕೊರತೆಯಾಗದು. ಬ್ಯಾಟರಿಯನ್ನು ಅಂಗಡಿಯಲ್ಲೇ ಪರೀಕ್ಷಿಸಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ಪ್ರಶ್ನೆ: ಮನೆಯಲ್ಲಿ ಮೊಬೈಲ್ ಒಂದೇ ಇದೆ. ಅದರಲ್ಲಿ ಅಭ್ಯಾಸ ಸಾಧ್ಯವೇ?
— ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಸಾಧ್ಯ. ಆಂಡ್ರಾಯ್ಡ್ ಫೋನಿನಲ್ಲಿ ಪೈಥಾನ್‌ಗೆ ಪೈಡ್ರಾಯ್ಡ್, ಸಿ ಭಾಷೆಗೆ ಟರ್ಮಕ್ಸ್ ಹಾಕಿಕೊಂಡು ಅದರಲ್ಲಿ ಕ್ಲ್ಯಾಂಗ್ ಕಂಪೈಲರ್ ಇಳಿಸಿಕೊಳ್ಳಿ. ಒಮ್ಮೆ ಇಳಿಸಿದ ಮೇಲೆ ಇಂಟರ್‌ನೆಟ್ ಬೇಕಿಲ್ಲ. ಒಂದು ಒಟಿಜಿ ಕನೆಕ್ಟರ್ ಇದ್ದರೆ ಸಾಮಾನ್ಯ ಯುಎಸ್‌ಬಿ ಕೀಬೋರ್ಡನ್ನು ಫೋನಿಗೇ ಚುಚ್ಚಬಹುದು. ಪೈಥಾನ್‌ನಲ್ಲಿ ಒಂದನ್ನು ನೆನಪಿಡಿ: ‘ಇನ್‌ಪುಟ್’ನಿಂದ ಬಂದದ್ದೆಲ್ಲ ಅಕ್ಷರವೇ. 5 ಮತ್ತು 5 ಕೊಟ್ಟು ಕೂಡಿಸಿದರೆ 55 ಬರುತ್ತದೆ. ಓದಿದ ಕೂಡಲೇ ಇಂಟ್‌ಗೆ ಬದಲಿಸಿಕೊಳ್ಳಬೇಕು.

ಪ್ರಶ್ನೆ: ಎನ್‌ಪಿಟಿಇಎಲ್ ಸರ್ಟಿಫಿಕೇಟ್‌ಗೆ ಅಸೈನ್‌ಮೆಂಟ್ ಅಂಕ ಸಾಕೇ, ಪರೀಕ್ಷೆಯೂ ಬೇಕೇ?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎರಡೂ ಬೇಕು. ಐಐಟಿ, ಐಐಎಸ್‌ಸಿಗಳು ನಡೆಸುವ ಈ ಆನ್‌ಲೈನ್ ಕೋರ್ಸ್‌ಗಳಿಗೆ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಸೇರಿ ಪಾಠ ಕೇಳುವುದು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬರಬೇಕು, ಒಂದರಲ್ಲಿ ಕಡಿಮೆಯಾದರೂ ಸರ್ಟಿಫಿಕೇಟ್ ಇಲ್ಲ. ಹನ್ನೆರಡು ವಾರದ ಕೋರ್ಸಾದರೆ ಸಾಮಾನ್ಯವಾಗಿ ಉತ್ತಮ ಎಂಟು ಅಸೈನ್‌ಮೆಂಟ್‌ಗಳ ಸರಾಸರಿ ಹಿಡಿಯುತ್ತಾರೆ. ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನ ಕೋರ್ಸ್ ನಡೆಯುತ್ತಿರುವಾಗಲೇ ಬಂದು ಹೋಗುತ್ತದೆ. ಸೇರಿದ ದಿನವೇ ಆ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.