ಹಾಲುಹಲ್ಲು ಹೇಗಿದ್ರೂ ಬಿದ್ದೋಗುತ್ತಲ್ವಾ, ಹುಳುಕಾದ್ರೆ ಏನಾಗುತ್ತೆ?

ಬಿದ್ದೋಗೋದೇನೋ ನಿಜ, ಆದ್ರೆ ಯಾವಾಗ ಅನ್ನೋದು ಮುಖ್ಯ. ಮುಂದಿನ ಹಲ್ಲು 6-7 ವರ್ಷಕ್ಕೆ ಬೀಳುತ್ತೆ, ದವಡೆ ಹಲ್ಲು 10-12 ವರ್ಷದವರೆಗೂ ಇರ್ಬೇಕು, ಅಷ್ಟು ವರ್ಷ ಮಗು ಅದ್ರಲ್ಲೇ ಅಗಿಬೇಕು, ಮತ್ತೆ ಕೆಳಗಿರೋ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡೋದೂ ಅದೇ, ಬೇಗ ಕಿತ್ತೋದ್ರೆ ಪಕ್ಕದ ಹಲ್ಲು ವಾಲಿ ಜಾಗ ಮುಚ್ಕೊಳ್ಳುತ್ತೆ, ಆಮೇಲೆ ಹೊಸದು ಸೊಟ್ಟ ಬರುತ್ತೆ.

ಸುಮಾರು 6 ವರ್ಷಕ್ಕೆ ಕೊನೇ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತೆ, ಯಾವ ಹಲ್ಲೂ ಬೀಳದೇ ಬರೋದ್ರಿಂದ ತುಂಬಾ ಜನ ಅದನ್ನೂ ಹಾಲುಹಲ್ಲು ಅಂದ್ಕೊಂಡು ಬಿಟ್ಬಿಡ್ತಾರೆ. ಅದು ಶಾಶ್ವತ ಹಲ್ಲು ಕಣ್ರೀ, ಹೋದ್ರೆ ಮತ್ತೆ ಬರಲ್ಲ!

ಬಾಟಲಿ ಬಾಯಲ್ಲಿಟ್ಟು ಮಲಗಿಸೋದು ಬೇಡ, ನಿದ್ದೇಲಿ ಜೊಲ್ಲು ಕಮ್ಮಿ ಆಗಿ ಹಾಲಿನ ಸಕ್ಕರೆ ಹಲ್ಲಿಗೆ ಅಂಟಿರುತ್ತೆ. ಮೇಲ್ತುಟಿ ಎತ್ತಿ ನೋಡಿ, ವಸಡಿನ ಅಂಚಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡ್ರೆ ಅದೇ ಹುಳುಕಿನ ಶುರು, ಆಗ್ಲೇ ಡೆಂಟಿಸ್ಟ್ ಹತ್ರ ಹೋಗಿ.

ಮೊದಲ ಹಲ್ಲು ಬಂದಾಗಿಂದ್ಲೇ ಬ್ರಷ್ ಮಾಡಿಸಿ, 3 ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಇನ್ನು ಹಲ್ಲು ಬರುವಾಗ ಜೋರು ಜ್ವರ ಬರುತ್ತೆ ಅನ್ನೋದು ಸುಳ್ಳು, ಬಂದ್ರೆ ಬೇರೆ ಕಾರಣ ಇರುತ್ತೆ, ದಯವಿಟ್ಟು ಡಾಕ್ಟರ್‌ಗೆ ತೋರ್ಸಿ.