ಫ್ರಾನ್ಸ್‌ನಲ್ಲಿ ಮನೆಗೆ ಊಟಕ್ಕೆ ಬರುವವರಿಗೆ ರೆಡ್ ವೈನ್: ಬೋರ್ಡೊ ತಗೊಳ್ಳಲಾ, ಬರ್ಗಂಡಿ ತಗೊಳ್ಳಲಾ?

ಫ್ರಾನ್ಸ್‌ನ ಈ ಎರಡು ಹೆಸರಾಂತ ವೈನ್ ಪ್ರದೇಶಗಳಲ್ಲಿ ಎರಡೂ ಬೇಡ. ಮ್ಯಾನೇಜರ್ ಬರುತ್ತಾರೆ, ನಮ್ಮ ಕಡೆಯ ಅಡುಗೆ ಬಡಿಸುತ್ತೇನೆ, 60 ಯೂರೋವರೆಗೂ ಕೊಡಬಲ್ಲೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ಲಿಯೋಂಗೆ ಬಂದ ಹೊಸತರಲ್ಲಿ ನಾನೂ ಹೀಗೇ ಹೊರಟಿದ್ದೆ.

ಆಫೀಸಿನವರನ್ನು ಕರೆದಿದ್ದೆ. ಕೋಳಿ ಸಾರು, ಮುದ್ದೆ, ಖಾರ ನಮ್ಮ ಮನೆಯ ಅಳತೆಯದೇ. ವೈನ್‌ಗೆ ದುಡ್ಡು ಸುರಿದರೆ ಮರ್ಯಾದೆ ಉಳಿಯುತ್ತದೆ ಅಂದುಕೊಂಡು, ಬೋರ್ಡೊದ ಪೊಯಾಕ್ ಊರಿನ ಬಾಟಲಿ ತಂದೆ. ಲೇಬಲ್ ಮೇಲೆ ‘ಗ್ರಾಂ ಕ್ರು ಕ್ಲಾಸೆ, 1855’ ಅಂತ ಇತ್ತು, ಅಂದರೆ ದರ್ಜೆ ಪಡೆದ ಶ್ರೇಷ್ಠ ತೋಟದ್ದು. ಅಷ್ಟು ಸಾಕಾಗಿತ್ತು ನನಗೆ.

ಆ 1855 ಏನು ಗೊತ್ತಾ? ಪ್ಯಾರಿಸ್‌ನ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ ಬೋರ್ಡೊದ ದಲ್ಲಾಳಿಗಳು ಮಾಡಿದ ಪಟ್ಟಿ. ಯಾರ ವೈನ್ ಎಷ್ಟು ಬೆಲೆಗೆ ಹೋಗುತ್ತಿತ್ತು ಅಂತ ನೋಡಿ ಐದು ದರ್ಜೆ ಮಾಡಿದರು. ಆಮೇಲೆ ಮೇಲಿನ ದರ್ಜೆಗೆ ಏರಿದ್ದು ಮೂತೊ ರೋಥ್‌ಶೀಲ್ಡ್ ಅನ್ನುವ ವೈನ್ ಎಸ್ಟೇಟ್ ಒಂದೇ, ಅದೂ 1973ರಲ್ಲಿ. ಪಟ್ಟಿ ಸುಳ್ಳಲ್ಲ. ಆದರೆ ನಿಮ್ಮ ಕೈಯಲ್ಲಿರುವ ಬಾಟಲಿ ಕುಡಿಯೋಕೆ ತಯಾರಾಗಿದೆಯಾ ಅಂತ ಅದು ಹೇಳುವುದಿಲ್ಲ. ನಾನು ನೋಡಬೇಕಾಗಿದ್ದು ಕೊಯ್ಲಿನ ವರ್ಷ. ಪೊಯಾಕ್‌ನಲ್ಲಿ ಹೆಚ್ಚಿನ ಪಾಲು ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಸಿಪ್ಪೆ, ಬೀಜಗಳಿಂದ ಟ್ಯಾನಿನ್ ಅನ್ನುವ ಒಗರು ಅಂಶ ಇಳಿಯುತ್ತದೆ, ಹೊಸ ಓಕ್ ಪೀಪಾಯಿ ಇನ್ನಷ್ಟು ಸೇರಿಸುತ್ತದೆ. ಒಳ್ಳೆಯ ಪೊಯಾಕ್ ಮೆತ್ತಗಾಗಲು ಹತ್ತು ವರ್ಷವಾದರೂ ಬೇಕು. ನನ್ನದು ತೀರಾ ಎಳೆಯದು. ಬಾಯಿಗೆ ಹಾಕಿದರೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಅದರ ಮೇಲೆ ಸಾರಿನ ಖಾರ! ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ, ಟ್ಯಾನಿನ್ ಬಾಯಿ ಒಣಗಿಸುತ್ತದೆ. ಸಾಲದ್ದಕ್ಕೆ ಬಾಟಲಿಯನ್ನು ಹೀಟರ್ ಪಕ್ಕ ಇಟ್ಟಿದ್ದೆ, ರೆಡ್ ವೈನ್ ಫ್ರಿಜ್‌ಗೆ ಹೋಗಬಾರದು ಅಂತ ಯಾರೋ ಹೇಳಿದ್ದರು. ಇಂಥ ವೈನ್‌ಗೂ ಬೇಕಾದದ್ದು 16ರಿಂದ 18 ಡಿಗ್ರಿ ಮಾತ್ರ.

ಎಲ್ಲರೂ ಒಂದು ಗುಟುಕು ಕುಡಿದು ನೀರಿನ ಜಗ್ ಕಡೆ ಕೈ ಚಾಚಿದರು. ಫ್ರೆಂಚರು ಬಾಯಿಬಿಟ್ಟು ಏನೂ ಅನ್ನಲ್ಲ, ಅದೇ ಕಷ್ಟ. ಸಹೋದ್ಯೋಗಿಯೊಬ್ಬಳು ಫ್ಲೂರಿ ಅನ್ನುವ ಇನ್ನೊಂದು ರೆಡ್ ವೈನ್ ತಂದು, ನನ್ನನ್ನು ಕೇಳದೆ ಫ್ರಿಜ್‌ನಲ್ಲಿಟ್ಟಿದ್ದಳು. ನನ್ನ ಬಾಟಲಿಯ ಕಾಲು ಭಾಗದಷ್ಟೂ ಬೆಲೆ ಇಲ್ಲ ಅದಕ್ಕೆ. ಖಾಲಿಯಾಗಿದ್ದು ಅದೇ.

ಆದ್ದರಿಂದ ನಿಮಗೆ ನಾನು ಹೇಳುವುದು ಬೋಜೊಲೆ ಪ್ರದೇಶದ ‘ಕ್ರು’ ವೈನ್, ಅಂದರೆ ಅಲ್ಲಿ ಪ್ರತ್ಯೇಕ ಹೆಸರು ಪಡೆದ ಜಾಗಗಳ ವೈನ್. ಲಿಯೋಂನ ಉತ್ತರಕ್ಕಿರುವ ಗುಡ್ಡಗಳದ್ದು, ದ್ರಾಕ್ಷಿ ಗಾಮೆ. ಗೊಂಚಲುಗಳನ್ನು ಜಜ್ಜದೆ ಹಾಗೇ ಹುದುಗಿಸುವುದರಿಂದ ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ. ಇಂಥ ಕ್ರುಗಳು ಹತ್ತಿವೆ. ಫ್ಲೂರಿ, ಬ್ರೂಯಿ, ಮೊರ್ಗೋಂ ಹೀಗೆ. ಲೇಬಲ್ ಮೇಲೆ ಈ ಹೆಸರೇ ದೊಡ್ಡದಾಗಿರುತ್ತದೆ, ಬೋಜೊಲೆ ಅಂತ ಹುಡುಕುತ್ತಾ ನಿಲ್ಲಬೇಡಿ. ನವೆಂಬರ್‌ನ ಮೂರನೇ ಗುರುವಾರ ಬರುವ ಬೋಜೊಲೆ ನೂವೋ (ಆ ವರ್ಷದ ಹೊಸ ವೈನ್) ಬೇರೆ, ಅದು ಬೇಡ. ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಯಾರಾದರೂ ಮೂಗು ಮುರಿಯಬಹುದು. ಗಾಮೆ ಬಗ್ಗೆ ಅಸಡ್ಡೆ ಹಳೆಯದು, 1395ರಲ್ಲೇ ಬರ್ಗಂಡಿಯ ಡ್ಯೂಕ್ ಫಿಲಿಪ್ ಅದನ್ನು ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ.

ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯ ವೈನ್ ನಿಮ್ಮ ಊಟಕ್ಕೆ ಕೆಟ್ಟದ್ದೇನಲ್ಲ. ಆದರೆ ಅಲ್ಲಿ ಹೊಸಬರು ಆರಿಸುವುದು ಲಾಟರಿ. ಕ್ಲೋ ದ ವೂಜೋ ಅನ್ನುವ ಒಂದೇ ತೋಟ ಸುಮಾರು 50 ಹೆಕ್ಟೇರ್, ಮಾಲೀಕರು 80ರಷ್ಟು ಜನ. ಎಲ್ಲರ ಬಾಟಲಿ ಮೇಲೂ ‘ಗ್ರಾಂ ಕ್ರು’ ಇರುತ್ತದೆ, ಒಳಗಿರುವ ವೈನ್ ಬೇರೆ ಬೇರೆ. ಬೋರ್ಡೊದ ಸೇಂತ್ ಎಮಿಲಿಯೋಂನಲ್ಲಂತೂ ಬರೀ ‘ಗ್ರಾಂ ಕ್ರು’ ಅಂದರೆ ದರ್ಜೆಯೇ ಅಲ್ಲ. ‘ಕ್ಲಾಸೆ’ ಅಂತ ಸೇರಿದ್ದರೆ ಮಾತ್ರ ದರ್ಜೆ.

ನೀವು ಕುರಿಯ ತೊಡೆ ಹುರಿದು, ಉಪ್ಪು-ಮೆಣಸು ಅಷ್ಟೇ ಹಾಕಿ ಬಡಿಸುವುದಾದರೆ ಬೋರ್ಡೊ ತಗೊಳ್ಳಿ, ಹಳೆಯ ವರ್ಷದ್ದು. ಇಲ್ಲವಾದರೆ ಸೂಪರ್‌ಮಾರ್ಕೆಟ್ ಬಿಟ್ಟು ನಿಮ್ಮ ಬೀದಿಯ ವೈನ್ ಅಂಗಡಿಗೆ ಹೋಗಿ. ಪ್ರದೇಶದ ಹೆಸರು ಎತ್ತಬೇಡಿ. ‘ಖಾರದ ಕೋಳಿ ಊಟ, 15 ಯೂರೋ’ ಅಂತಷ್ಟೇ ಹೇಳಿ. ಉಳಿದ ದುಡ್ಡಿಗೆ ಎರಡನೇ ಬಾಟಲಿ, ಒಂದು ತುಂಡು ಕೋಂತೆ ಚೀಸ್ ಬರುತ್ತದೆ.