ಗಂಡನ ಕಡೆ ವಕೀಲರೊಬ್ಬರೇ ಸಾಕಾ?

ಮೇಡಂ, ಇಬ್ಬರೂ ಒಪ್ಪಿ ವಿಚ್ಛೇದನ ತಗೊಳ್ಳುತ್ತಿದ್ದೀರಿ, ಅವರ ವಕೀಲರೇ ಎಲ್ಲ ನೋಡಿಕೊಳ್ಳುತ್ತಾರೆ, ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಜಂಟಿ ಅರ್ಜಿಯನ್ನು ಒಬ್ಬರೇ ವಕೀಲರು ಹಾಕುವುದುಂಟು. ಆದರೆ ಅವರಿಗೆ ಫೀಸು ಕೊಡುವವರು ನಿಮ್ಮ ಗಂಡ, ಅಲ್ವಾ? ಸಹಿ ಹಾಕುವ ಮೊದಲು ಕರಡನ್ನು ನಿಮ್ಮದೇ ವಕೀಲರಿಗೆ ತೋರಿಸಿ.

ಮುಖ್ಯವಾಗಿ ನೋಡಬೇಕಾದದ್ದು ದುಡ್ಡಿನ ಸಾಲು. 'ಜೀವನಾಂಶ, ಒಡವೆ ಎಲ್ಲ ಇತ್ಯರ್ಥವಾಗಿದೆ' ಅಂತ ಒಂದೇ ವಾಕ್ಯ ಬರೆದಿದ್ದರೆ ಒಪ್ಪಬೇಡಿ. ಎಷ್ಟು, ಯಾವಾಗ, ಡಿಡಿನಾ ಚೆಕ್ಕಾ, ಎಲ್ಲ ಬರೆಸಿ. ಬಾಕಿ ಮೊತ್ತ, ಇಬ್ಬರೂ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಒಪ್ಪಿಗೆಯ ಕೊನೆಯ ಹೇಳಿಕೆ ಕೊಡುವ ದಿನವೇ ಜಡ್ಜ್ ಎದುರು ಕೈಗೆ ಬರುವಂತಿರಲಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. ಸೂಕ್ತ ಕಾರಣವಿದ್ದರೆ ಅದನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದಿರಲ್ಲ, ಸುಮ್ನೆ ಸಾಲ ಮಾಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆಧಾರ್, ಮದುವೆ ಫೋಟೋ, ಲಗ್ನಪತ್ರಿಕೆ ಜೊತೆಗಿರಲಿ.